ಕೇಬಲ್ ಟಿವಿಯನ್ನು ಮನೆಯ ಕಂಪ್ಯೂಟರ್‌ನಲ್ಲಿ ನೋಡುವುದು, ರೆಕಾರ್ಡ್ ಮಾಡಿಕೊಳ್ಳುವುದು: ಸೆಟ್‌ಟಾಪ್ ಬಾಕ್ಸ್‌ನಿಂದ ಹಾರ್ಡ್ ಡಿಸ್ಕ್‌ವರೆಗೆ

ಧಾರಾವಾಹಿ, ಸಿನಿಮಾ ತಪ್ಪಿಹೋದರೆ ಮೊಬೈಲ್ ಆ್ಯಪ್‌ನಲ್ಲಿ ಹುಡುಕಿಕೊಳ್ಳಬಹುದು. ಆದರೆ ಊರಿನ ಕೇಬಲ್‌ನವರು ತಮ್ಮ ಸ್ಥಳೀಯ ಚಾನೆಲ್‌ನಲ್ಲಿ ತೋರಿಸಿದ ರಥೋತ್ಸವ, ಚಂದನದ ಕೃಷಿ ಚರ್ಚೆಯಲ್ಲಿ ಮಾತಾಡಿದ ಮಾವ, ಜಿಲ್ಲಾ ಸುದ್ದಿಯಲ್ಲಿ ಅರ್ಧ ನಿಮಿಷ ಕಾಣಿಸಿದ ಶಾಲೆಯ ಮಕ್ಕಳು ಒಮ್ಮೆ ಬಂದು ಹೋದರೆ ಹೋದಂತೆಯೇ. ಇಂಥವನ್ನು ಉಳಿಸಿಕೊಳ್ಳಲು ದುಬಾರಿ ಸಾಮಾನು ಬೇಡ. ಮನೆಯಲ್ಲಿರುವ ಕಂಪ್ಯೂಟರ್, ಬಾಕ್ಸ್‌ನ ಚಿತ್ರ, ಧ್ವನಿಯನ್ನು ಕಂಪ್ಯೂಟರ್‌ಗೆ ಇಳಿಸುವ ಸಾವಿರ ರೂಪಾಯಿಯ ಆಸುಪಾಸಿನ ಒಂದು ಯುಎಸ್‌ಬಿ ಕ್ಯಾಪ್ಚರ್ ಸಾಧನ, ಉಚಿತವಾಗಿ ಸಿಗುವ ಒಂದು ಸಾಫ್ಟ್‌ವೇರ್ ಸಾಕು.

ಬಹಳ ಜನ ಸೋಲುವುದು ಕಂಪ್ಯೂಟರ್‌ನ ಕಡೆಯಿಂದಲ್ಲ. ಬಾಕ್ಸ್ ಯಾವ ಅಳತೆಯ ಚಿತ್ರ ಕೊಡುತ್ತಿದೆ, ಯಾವ ತಂತಿಯಲ್ಲಿ ಕೊಡುತ್ತಿದೆ ಎಂದು ನೋಡದೆ ಸಾಫ್ಟ್‌ವೇರ್‌ನಲ್ಲಿ ಸಿಕ್ಕ ಸಂಖ್ಯೆಗಳನ್ನು ತುಂಬಿದಾಗ ಕೆಲಸ ಕೆಡುತ್ತದೆ. ಆದ್ದರಿಂದ ಇಲ್ಲಿ ಬಾಕ್ಸ್‌ನಿಂದಲೇ ಶುರು ಮಾಡುತ್ತೇವೆ.

ಟ್ಯೂನರ್ ಕಾರ್ಡ್ ಈಗ ಯಾಕೆ ಕೆಲಸಕ್ಕೆ ಬರುವುದಿಲ್ಲ

ಅನಲಾಗ್ ಕೇಬಲ್ ಇದ್ದ ಕಾಲದಲ್ಲಿ ಗೋಡೆಯಿಂದ ಬಂದ ತಂತಿಯನ್ನು ನೇರವಾಗಿ ಟಿವಿ ಟ್ಯೂನರ್ ಕಾರ್ಡ್‌ಗೆ ಸಿಕ್ಕಿಸಿದರೆ ಅಷ್ಟೂ ಚಾನೆಲ್ ಕಂಪ್ಯೂಟರ್‌ನಲ್ಲಿ ಬರುತ್ತಿದ್ದವು. ಕೇಬಲ್ ಟಿವಿ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯ ನಂತರ ಹಂತಹಂತವಾಗಿ ಎಲ್ಲವೂ ಡಿಜಿಟಲ್ ಆಯಿತು. ಬೆಂಗಳೂರು, ಮೈಸೂರುಗಳು ಎರಡನೆಯ ಹಂತದಲ್ಲಿದ್ದವು, ಅದರ ಗಡುವು 2013ರ ಮಾರ್ಚ್ 31. ಉಳಿದ ಪಟ್ಟಣ, ಹಳ್ಳಿಗಳು ಆಮೇಲಿನ ಎರಡು ಹಂತಗಳಲ್ಲಿ ಬಂದವು.

ಈಗ ತಂತಿಯಲ್ಲಿ ಬರುವುದು ಡಿವಿಬಿ-ಸಿ ಎಂಬ ಡಿಜಿಟಲ್ ಸಂಕೇತ, ಅದೂ ಬೀಗ ಹಾಕಿದ್ದು. ಬೀಗದ ಕೈ ಇರುವುದು ಬಾಕ್ಸ್‌ನೊಳಗಿನ ಕಾರ್ಡ್ ಅಥವಾ ಚಿಪ್‌ನಲ್ಲಿ. ಡಿವಿಬಿ-ಸಿ ಹಿಡಿಯುವ ಟ್ಯೂನರ್ ತಂದು ಹುಡುಕಿಸಿದರೆ ಚಾನೆಲ್‌ಗಳ ಹೆಸರು ಪಟ್ಟಿಯಲ್ಲಿ ಬರಬಹುದು, ಚಿತ್ರ ಬರುವುದಿಲ್ಲ. ಹಳೆಯ ಸಾಮಾನಿನ ಪೇಟೆಯಲ್ಲಿ ಇನ್ನೂ ಸಿಗುವ ಅನಲಾಗ್ ಟ್ಯೂನರ್ ಕಾರ್ಡ್‌ಗೆ ಹಣ ಹಾಕಬೇಡಿ. ಹಳೆಯ ಮಾರ್ಗದರ್ಶಿಗಳು ಹೊಗಳುವ ವಿಂಡೋಸ್ ಮೀಡಿಯಾ ಸೆಂಟರ್ ಕೂಡ ವಿಂಡೋಸ್ 10ರಿಂದ ಇಲ್ಲ. ಉಳಿದಿರುವ ದಾರಿ ಒಂದೇ: ಬಾಕ್ಸ್ ಬೀಗ ತೆಗೆದು ಟಿವಿಗೆ ಕೊಡುವ ಚಿತ್ರವನ್ನು ಕಂಪ್ಯೂಟರ್‌ಗೂ ಕೊಡುವುದು.

ಕಾನೂನು ಏನು ಹೇಳುತ್ತದೆ

1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಂ ಪ್ರಸಾರಕರಿಗೆ ತಮ್ಮ ಪ್ರಸಾರದ ಮೇಲೆ 25 ವರ್ಷಗಳ ಹಕ್ಕು ಕೊಡುತ್ತದೆ. 39ನೇ ಕಲಂ ಅದಕ್ಕೆ ವಿನಾಯಿತಿಗಳನ್ನು ಹೇಳುತ್ತದೆ: ರೆಕಾರ್ಡ್ ಮಾಡಿಕೊಂಡವರ ಖಾಸಗಿ ಬಳಕೆಗೆ, ಅಥವಾ ಪ್ರಾಮಾಣಿಕವಾಗಿ ಪಾಠಕ್ಕೆ, ಸಂಶೋಧನೆಗೆ ಮಾತ್ರ ಮಾಡಿಕೊಂಡ ಧ್ವನಿ ಅಥವಾ ದೃಶ್ಯ ಮುದ್ರಣ ಆ ಹಕ್ಕಿನ ಉಲ್ಲಂಘನೆಯಲ್ಲ. ಮನೆಯವರು ನೋಡಲು ಇಟ್ಟುಕೊಳ್ಳಿ. ಯೂಟ್ಯೂಬ್‌ಗೆ ಏರಿಸುವುದು, ಗುಂಪುಗಳಲ್ಲಿ ಹಂಚುವುದು, ಸಿಡಿ ಮಾಡಿ ಕೊಡುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ. ಆಗಾಗ ಪರದೆಯ ಮೇಲೆ ಮಿನುಗಿ ಹೋಗುವ ಉದ್ದನೆಯ ಸಂಖ್ಯೆ ನಿಮ್ಮ ಬಾಕ್ಸ್‌ನ ಗುರುತು. ಅದು ರೆಕಾರ್ಡಿಂಗ್‌ನಲ್ಲೂ ಉಳಿಯುತ್ತದೆ.

ಬಾಕ್ಸ್‌ನ ಹಿಂಬದಿ ನೋಡಿ

ಬಾಕ್ಸ್ ತಿರುಗಿಸಿ. ಸಾಮಾನ್ಯವಾಗಿ ಈ ಮೂರರಲ್ಲಿ ಒಂದೆರಡು ಇರುತ್ತವೆ.

ಮೊದಲನೆಯದು ಎವಿ ಔಟ್. ಹಳದಿ, ಬಿಳಿ, ಕೆಂಪು ತೂತುಗಳು, ಅಥವಾ ಹೊಸ ಚಿಕ್ಕ ಬಾಕ್ಸ್‌ಗಳಲ್ಲಿ ಇಯರ್‌ಫೋನ್ ತೂತಿನಂತಿರುವ ಒಂದೇ 3.5 ಮಿಮೀ ಜಾಕ್. ಹಳದಿಯಲ್ಲಿ ಚಿತ್ರ, ಬಿಳಿಯಲ್ಲಿ ಎಡ ಧ್ವನಿ, ಕೆಂಪಿನಲ್ಲಿ ಬಲ ಧ್ವನಿ. ಬಾಕ್ಸ್ ಎಚ್‌ಡಿ ಆಗಿದ್ದರೂ ಇಲ್ಲಿ ಬರುವುದು 720×576 ಅಳತೆಯ ಪಾಲ್ (ಭಾರತದ ಅನಲಾಗ್ ಟಿವಿ ಮಾದರಿ) ಚಿತ್ರ: ಸೆಕೆಂಡಿಗೆ 25 ಚೌಕಟ್ಟು, ಒಂದೊಂದು ಚೌಕಟ್ಟೂ ಬೆಸ ಗೆರೆಗಳದೊಂದು, ಸಮ ಗೆರೆಗಳದೊಂದು ಎಂದು ಎರಡು ಅರ್ಧಗಳಾಗಿ. ಅಂದರೆ ಸೆಕೆಂಡಿಗೆ 50 ಅರ್ಧಚಿತ್ರ. ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿ ಹೆಜ್ಜೆಯಲ್ಲೂ ಬೇಕಾಗುತ್ತವೆ.

ಎರಡನೆಯದು ಎಚ್‌ಡಿಎಂಐ. ಚಿತ್ರ ಚೆನ್ನ, ಆದರೆ ಬಹಳಷ್ಟು ಬಾಕ್ಸ್‌ಗಳು ಇದರ ಮೇಲೆ ಎಚ್‌ಡಿಸಿಪಿ ಎಂಬ ನಕಲು ತಡೆ ಹಾಕಿರುತ್ತವೆ. ಆಗ ಕ್ಯಾಪ್ಚರ್ ಸಾಧನದಲ್ಲಿ ಬರಿ ಕಪ್ಪು ಪರದೆ. ಮೆನು ಕಂಡು, ಚಾನೆಲ್‌ಗೆ ಹೋದೊಡನೆ ಕಪ್ಪಾದರೂ ಕಾರಣ ಸಾಮಾನ್ಯವಾಗಿ ಇದೇ. ಈ ತಡೆಯನ್ನು ಮುರಿಯುವ ಸಾಧನಗಳ ಹಿಂದೆ ಬೀಳಬೇಡಿ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಂ ಅಂಥ ತಡೆ ಮುರಿಯುವುದರ ಬಗ್ಗೆಯೇ ಇದೆ. ಕಪ್ಪು ಬಂದರೆ ಎವಿಗೆ ಹೋಗಿ.

ಮೂರನೆಯದು ಬಾಕ್ಸ್‌ನದೇ ಯುಎಸ್‌ಬಿ ಕಿಂಡಿ. ಕೆಲವು ಬಾಕ್ಸ್‌ಗಳು ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡುತ್ತವೆ. ಇವತ್ತು ತಪ್ಪಿದ್ದನ್ನು ನಾಳೆ ನೋಡಲು ಇದಕ್ಕಿಂತ ಸುಲಭ ಇಲ್ಲ. ಆದರೆ ಆ ಕಡತಗಳು ಸಾಮಾನ್ಯವಾಗಿ ಆ ಬಾಕ್ಸ್‌ನಲ್ಲಿ ಮಾತ್ರ ಓಡುತ್ತವೆ. ಬಾಕ್ಸ್ ಬದಲಾದ ದಿನ ಅವೂ ಹೋದಂತೆ. ವರ್ಷಗಟ್ಟಲೆ ಉಳಿಸಬೇಕಾದದ್ದನ್ನು ಇದರಲ್ಲಿ ಇಡಬೇಡಿ.

ನಮ್ಮ ಸಲಹೆ ಎವಿ ದಾರಿ. ಚಿತ್ರ ಎಚ್‌ಡಿಯಷ್ಟು ಚೂಪಲ್ಲ ನಿಜ. ಆದರೆ ಸ್ಥಳೀಯ ಚಾನೆಲ್‌ಗಳ ಮೂಲವೇ ಹೆಚ್ಚಾಗಿ ಎಸ್‌ಡಿ (ಎಚ್‌ಡಿಗಿಂತ ಕಡಿಮೆ ಅಳತೆಯ ಚಿತ್ರ), ಅಲ್ಲಿ ಕಳೆದುಕೊಳ್ಳುವುದು ಕಡಿಮೆ. ಇನ್ನೊಂದು ದೊಡ್ಡ ಅನುಕೂಲವೂ ಇದೆ: ಹೆಚ್ಚಿನ ಬಾಕ್ಸ್‌ಗಳು ಎಚ್‌ಡಿಎಂಐ ಮತ್ತು ಎವಿ ಎರಡರಲ್ಲೂ ಒಟ್ಟಿಗೆ ಚಿತ್ರ ಕೊಡುತ್ತವೆ. ಎಚ್‌ಡಿಎಂಐ ಟಿವಿಗೆ, ಎವಿ ಕಂಪ್ಯೂಟರ್‌ಗೆ ಕೊಟ್ಟರೆ ಮನೆಯವರ ನೋಡುವಿಕೆಗೆ ಅಡ್ಡಿಯಿಲ್ಲ.

ಬೇಕಾಗುವ ಸಾಮಾನು

*ಕ್ಯಾಪ್ಚರ್ ಸಾಧನ.* ಎವಿಗೆ ಈಸಿಕ್ಯಾಪ್ ಎಂಬ ಹೆಸರಿನಲ್ಲಿ ಸಿಗುವ ಸಾಧನಗಳು ಹೊರಗಿನಿಂದ ಒಂದೇ ಥರ ಕಂಡರೂ ಒಳಗಿನ ಚಿಪ್ ಬೇರೆ ಬೇರೆ: ಸಿಂಟೆಕ್, ಎಂಪಿಯಾ, ಸೊಮ್ಯಾಜಿಕ್, ಫುಶಿಕಾಯ್. ಒಂದರ ಡ್ರೈವರ್ ಇನ್ನೊಂದಕ್ಕೆ ಆಗುವುದಿಲ್ಲ. ಜೊತೆಗೆ ಬಂದ ಸಿಡಿಯನ್ನು ಎಸೆಯಬೇಡಿ. ಸಾಧ್ಯವಾದರೆ ಯುವಿಸಿ ಮಾದರಿಯದನ್ನೇ ಕೇಳಿ ತನ್ನಿ. ವಿಂಡೋಸ್, ಲಿನಕ್ಸ್, ಮ್ಯಾಕ್ ಅದನ್ನು ವೆಬ್‌ಕ್ಯಾಮ್ ಎಂದು ತಿಳಿದು ಡ್ರೈವರ್ ಇಲ್ಲದೆ ನಡೆಸುತ್ತವೆ. ಲಿನಕ್ಸ್ ಬಳಸುವವರಿಗೆ ಸಿಂಟೆಕ್ ಎಸ್‌ಟಿಕೆ1160, ಎಂಪಿಯಾ, ಫುಶಿಕಾಯ್ ಚಿಪ್‌ಗಳ ಡ್ರೈವರ್ ಕರ್ನೆಲ್‌ನಲ್ಲೇ ಇದೆ.

*ತಂತಿ.* ಬಾಕ್ಸ್‌ನಲ್ಲಿ ಮೂರು ಬಣ್ಣದ ತೂತುಗಳಿದ್ದರೆ ಸಾಮಾನ್ಯ ಎವಿ ತಂತಿ ಸಾಕು. 3.5 ಮಿಮೀ ಜಾಕ್ ಇದ್ದರೆ ಪಿನ್ನಿನ ಮೇಲೆ ಮೂರು ಕಪ್ಪು ಉಂಗುರ ಇರುವ ತಂತಿ ಬೇಕು. ಎರಡೇ ಉಂಗುರ ಇರುವುದು ಹಾಡು ಕೇಳುವ ತಂತಿ, ಅದರಲ್ಲಿ ಚಿತ್ರ ಬರುವುದಿಲ್ಲ. ಈ ಪಿನ್ನಿನೊಳಗಿನ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಹಳದಿಯಲ್ಲಿ ಚಿತ್ರದ ಬದಲು ಏನೂ ಬರದೆ, ಕೆಂಪಿನಿಂದ ಗೊರಗೊರ ಸದ್ದು ಬಂದರೆ ಚಿತ್ರ ಕೆಂಪಿಗೆ ಹೋಗಿದೆ ಎಂದರ್ಥ. ಕೆಂಪು ಪ್ಲಗ್ಗನ್ನು ಹಳದಿ ತೂತಿಗೆ, ಹಳದಿಯನ್ನು ಕೆಂಪಿಗೆ ಹಾಕಿ ನೋಡಿ. ಹೇಗೆ ಅದಲುಬದಲು ಮಾಡಿದರೂ ಚಿತ್ರ ನಿಲ್ಲದಿದ್ದರೆ ನೆಲದ ತಂತಿಯ ಸ್ಥಾನವೇ ಬೇರೆ ಇರುವ ತಂತಿ ಅದು. ಬಾಕ್ಸ್ ಜೊತೆ ಬಂದದ್ದನ್ನೇ ಹುಡುಕಿ, ಇಲ್ಲವೇ ಕೇಬಲ್‌ನವರನ್ನು ಕೇಳಿ.

*ಕಂಪ್ಯೂಟರ್.* ಎಸ್‌ಡಿ ರೆಕಾರ್ಡಿಂಗ್‌ಗೆ ಹಳೆಯ ಐ3, 4 ಜಿಬಿ ರ‍್ಯಾಮ್ ಸಾಕು. ಗಮನ ಕೊಡಬೇಕಾದದ್ದು ಯುಎಸ್‌ಬಿ ಕಡೆ. ಕುಗ್ಗಿಸದ ಎಸ್‌ಡಿ ಚಿತ್ರ ಸೆಕೆಂಡಿಗೆ 720×576×2×25, ಅಂದರೆ ಸುಮಾರು 20.7 ಎಂಬಿ. ಯುಎಸ್‌ಬಿ 2.0ರಲ್ಲಿ ಇಂಥ ನಿರಂತರ ಹರಿವಿಗೆ ಒಂದು ಸಾಧನಕ್ಕೆ ಸಿಗುವ ಗರಿಷ್ಠ ಸುಮಾರು 24 ಎಂಬಿ. ಹೆಚ್ಚು ಸಡಿಲ ಇಲ್ಲ. ಹಬ್‌ನಲ್ಲಿ ಸಿಕ್ಕಿಸಿ, ಅದೇ ಹಬ್‌ನಲ್ಲಿ ಹೊರಗಿನ ಹಾರ್ಡ್ ಡಿಸ್ಕ್ ಇಟ್ಟು ಅದಕ್ಕೇ ಬರೆಸಿದರೆ ಚಿತ್ರ ಒಡೆಯುವುದು ಇದೇ ಕಾರಣಕ್ಕೆ. ಕ್ಯಾಪ್ಚರ್ ಸಾಧನ ನೇರ ಕಂಪ್ಯೂಟರ್‌ನ ಹಿಂಬದಿಯ ಕಿಂಡಿಗೆ, ರೆಕಾರ್ಡಿಂಗ್ ಒಳಗಿನ ಡಿಸ್ಕ್‌ಗೆ.

*ಜಾಗ.* 4,000 ಕೆಬಿಪಿಎಸ್ ವೇಗದಲ್ಲಿ ಬರೆದರೆ ಗಂಟೆಗೆ 1.8 ಜಿಬಿ. ಧ್ವನಿಯದು ಸೇರಿಸಿದರೆ 1.9ರ ಒಳಗೆ. ಅರ್ಧ ಗಂಟೆಯ ಧಾರಾವಾಹಿ ವಾರಕ್ಕೆ ಆರು ದಿನ ಎಂದರೆ ಐದೂವರೆ ಜಿಬಿ ಚಿಲ್ಲರೆ. ದಸರಾ ಜಂಬೂ ಸವಾರಿಯ ನೇರಪ್ರಸಾರ ನಾಲ್ಕು ಗಂಟೆ ಹಿಡಿದರೆ ಏಳೂವರೆ ಜಿಬಿ. ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿರಲಿ. ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ, ಸವಾರಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ತಂತಿ ಜೋಡಿಸುವುದು

ಜೋಡಿಸುವ ಮುಂಚೆ ಬಾಕ್ಸ್ ಮತ್ತು ಕಂಪ್ಯೂಟರ್ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕೀಳಿ. ಎರಡು ಪಿನ್ನಿನ ಅಡಾಪ್ಟರ್ ಇರುವ ಬಾಕ್ಸ್‌ಗಳಿಗೆ ನೆಲದ ಸಂಪರ್ಕ ಇರುವುದಿಲ್ಲ. ಕೇಬಲ್ ತಂತಿಯ ಲೋಹದ ಭಾಗ ಮುಟ್ಟಿದಾಗ ಜುಮ್ ಎನ್ನುವುದು ಈ ಸೋರಿಕೆ. ಅದೇ ಸೋರಿಕೆ ಕ್ಯಾಪ್ಚರ್ ಸಾಧನದ ಮೂಲಕ ಕಂಪ್ಯೂಟರ್‌ಗೆ ಹರಿದರೆ ಯುಎಸ್‌ಬಿ ಕಿಂಡಿ ಹೋಗಬಹುದು. ಮೊದಲು ಎವಿ ತಂತಿ, ಆಮೇಲೆ ಯುಎಸ್‌ಬಿ, ಕೊನೆಗೆ ವಿದ್ಯುತ್.

ಎವಿ ಔಟ್ ಅನ್ನು ವೈ ಆಕಾರದ ತಂತಿಯಿಂದ ಟಿವಿಗೂ ಕಂಪ್ಯೂಟರ್‌ಗೂ ಒಡೆಯಬೇಡಿ. ಎರಡೂ ಕಡೆ 75 ಓಮ್ ಹೊರೆ ಬಿದ್ದು ಸಂಕೇತದ ಮಟ್ಟ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ, ಚಿತ್ರ ಮಂಕಾಗುತ್ತದೆ. ಬಾಕ್ಸ್‌ನಲ್ಲಿ ಎಚ್‌ಡಿಎಂಐ ಇಲ್ಲದೆ ಒಂದೇ ಎವಿ ಇದ್ದರೆ ವಿದ್ಯುತ್ತಿನಿಂದ ನಡೆಯುವ ಎವಿ ಸ್ಪ್ಲಿಟರ್ ಹಾಕಿ.

ಈಗ ರಿಮೋಟ್ ಹಿಡಿದು ಬಾಕ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ. ಟಿವಿ ಸ್ಟ್ಯಾಂಡರ್ಡ್ ಪಾಲ್ ಇರಲಿ, ಆಟೊ ಬೇಡ. ಆಸ್ಪೆಕ್ಟ್ 16:9 ಇಡಿ. ಬಾಕ್ಸ್‌ನ ವಾಲ್ಯೂಮ್ ಮುಕ್ಕಾಲಿಗೂ ಸ್ವಲ್ಪ ಮೇಲೆ ಇಟ್ಟು ಅಲ್ಲೇ ಬಿಡಿ, ಮನೆಯವರು ಇನ್ನುಮುಂದೆ ಟಿವಿಯ ರಿಮೋಟ್‌ನಿಂದಲೇ ಸದ್ದು ಹೆಚ್ಚುಕಡಿಮೆ ಮಾಡಲಿ. ಎವಿಯ ಧ್ವನಿ ಬಾಕ್ಸ್‌ನ ವಾಲ್ಯೂಮ್‌ನ ಜೊತೆಗೇ ಏರಿಳಿಯುತ್ತದೆ. ಯಾರೋ ಮ್ಯೂಟ್ ಒತ್ತಿದರೆ ರೆಕಾರ್ಡಿಂಗೂ ಮೂಕ.

ಓಬಿಎಸ್ ಸ್ಟುಡಿಯೊ ಸಿದ್ಧಪಡಿಸುವುದು

ಸುಮ್ಮನೆ ನೋಡಲು ವಿಎಲ್‌ಸಿ ಸಾಕು: ಮೀಡಿಯಾ ಮೆನುವಿನಲ್ಲಿ 'ಓಪನ್ ಕ್ಯಾಪ್ಚರ್ ಡಿವೈಸ್' ಒತ್ತಿ, ವೀಡಿಯೊ ಮತ್ತು ಆಡಿಯೊ ಎರಡಕ್ಕೂ ಕ್ಯಾಪ್ಚರ್ ಸಾಧನವನ್ನು ಆರಿಸಿ, ಪ್ಲೇ. ರೆಕಾರ್ಡ್ ಮಾಡಲು ಓಬಿಎಸ್ ಸ್ಟುಡಿಯೊ ಒಳ್ಳೆಯದು. ಅದು ಉಚಿತ, ಮೂರು ಕಾರ್ಯವ್ಯವಸ್ಥೆಗಳಲ್ಲೂ ಓಡುತ್ತದೆ. ಇಲ್ಲಿರುವುದು ವಿಂಡೋಸ್‌ನ ಕ್ರಮ.

1. ಮೊದಲು ವಿಂಡೋಸ್‌ನ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಮತ್ತು ಮೈಕ್ರೊಫೋನ್ ಎರಡಕ್ಕೂ ಡೆಸ್ಕ್‌ಟಾಪ್ ಆ್ಯಪ್‌ಗಳ ಅನುಮತಿ ತೆರೆಯಿರಿ. ಮೈಕ್ರೊಫೋನ್ ಮುಚ್ಚಿದ್ದರೆ ಚಿತ್ರ ಬಂದೂ ಧ್ವನಿ ಬರುವುದಿಲ್ಲ. ಎಷ್ಟೋ ಜನ ಇದಕ್ಕಾಗಿ ತಂತಿ ಬದಲಿಸುತ್ತ ಕೂರುತ್ತಾರೆ.

2. ಸೆಟ್ಟಿಂಗ್ಸ್ → ವೀಡಿಯೊ. ಬೇಸ್ ಮತ್ತು ಔಟ್‌ಪುಟ್ ಎರಡೂ 1024×576. ಎಫ್‌ಪಿಎಸ್ ಪಟ್ಟಿಯಲ್ಲಿ '50 ಪಾಲ್' ಆರಿಸಿ. 30 ಅಥವಾ 60 ಆರಿಸಿದರೆ 25ರ ಚಿತ್ರ ಅದಕ್ಕೆ ಹೊಂದದೆ, ಸುದ್ದಿಯ ಕೆಳಗೆ ಓಡುವ ಅಕ್ಷರಗಳು ತಡವರಿಸುತ್ತವೆ.

3. ಸೆಟ್ಟಿಂಗ್ಸ್ → ಆಡಿಯೊ. ಸ್ಯಾಂಪಲ್ ರೇಟ್ 48 ಕಿಲೊಹರ್ಟ್ಸ್. ಅಲ್ಲೇ ಡೆಸ್ಕ್‌ಟಾಪ್ ಆಡಿಯೊ, ಮೈಕ್ ಎರಡನ್ನೂ 'ಡಿಸೇಬಲ್ಡ್' ಮಾಡಿ. ಇಲ್ಲದಿದ್ದರೆ ವಾಟ್ಸ್ಆ್ಯಪ್‌ನ ಟಿಣ್ ಸದ್ದು, ಕೋಣೆಯ ಮಾತು ಎಲ್ಲವೂ ರೆಕಾರ್ಡಿಂಗ್‌ಗೆ ಸೇರುತ್ತವೆ.

4. ಸೋರ್ಸಸ್ ಪೆಟ್ಟಿಗೆಯಲ್ಲಿ ಕೂಡಿಸುವ ಗುರುತು ಒತ್ತಿ 'ವೀಡಿಯೊ ಕ್ಯಾಪ್ಚರ್ ಡಿವೈಸ್' ಸೇರಿಸಿ. ಡಿವೈಸ್ ಪಟ್ಟಿಯಲ್ಲಿ ಲ್ಯಾಪ್‌ಟಾಪ್‌ನ ಕ್ಯಾಮೆರಾ ಅಲ್ಲ, ಕ್ಯಾಪ್ಚರ್ ಸಾಧನ ಇರಬೇಕು. ರೆಸಲ್ಯೂಶನ್ ಟೈಪ್ 'ಕಸ್ಟಮ್' ಮಾಡಿ 720×576 ಕೊಡಿ. 'ಕಾನ್ಫಿಗರ್ ಕ್ರಾಸ್‌ಬಾರ್' ಗುಂಡಿ ಇದ್ದರೆ ಒತ್ತಿ ಕಾಂಪೊಸಿಟ್ ಆರಿಸಿ. 'ಕಾನ್ಫಿಗರ್ ವೀಡಿಯೊ' ಒತ್ತಿ ಅಲ್ಲಿ ಪಾಲ್-ಬಿ ಆರಿಸಿ. ಹಲವು ಸಾಧನಗಳು ಅಮೆರಿಕದ ಟಿವಿ ಮಾದರಿಯಾದ ಎನ್‌ಟಿಎಸ್‌ಸಿಯಲ್ಲೇ ಬರುತ್ತವೆ. ಚಿತ್ರ ಕಪ್ಪುಬಿಳುಪಾಗಿ, ಮೇಲಿಂದ ಕೆಳಕ್ಕೆ ಉರುಳುತ್ತಿದ್ದರೆ ಕಾರಣ ಇದೇ.

5. ಅದೇ ಪುಟದ ಕೆಳಗೆ 'ಯೂಸ್ ಕಸ್ಟಮ್ ಆಡಿಯೊ ಡಿವೈಸ್' ಗುರುತು ಹಾಕಿ ಕ್ಯಾಪ್ಚರ್ ಸಾಧನದ ಆಡಿಯೊವನ್ನೇ ಆರಿಸಿ. ಧ್ವನಿಯ ತಂತಿಯನ್ನು ಕಂಪ್ಯೂಟರ್‌ನ ಲೈನ್-ಇನ್‌ಗೆ ಕೊಡುವವರಿದ್ದಾರೆ. ಹಾಗೆ ಮಾಡಿದರೆ ಚಿತ್ರ, ಧ್ವನಿಗಳು ಎರಡು ಬೇರೆ ಗಡಿಯಾರಗಳ ಮೇಲೆ ಓಡಿ, ಗಂಟೆ ಕಳೆಯುವಷ್ಟರಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಬಹುದು.

6. ಸೋರ್ಸ್ ಮೇಲೆ ಬಲ ಕ್ಲಿಕ್ ಮಾಡಿ, ಟ್ರಾನ್ಸ್‌ಫಾರ್ಮ್ → 'ಸ್ಟ್ರೆಚ್ ಟು ಸ್ಕ್ರೀನ್'. ಇಲ್ಲಿ 'ಫಿಟ್' ಅಲ್ಲ, 'ಸ್ಟ್ರೆಚ್' ಬೇಕು. 16:9 ಚಿತ್ರವನ್ನು ಬಾಕ್ಸ್ 720ರೊಳಗೆ ಒತ್ತಿ ಕೊಟ್ಟಿರುತ್ತದೆ, ಅದನ್ನು 1024ಕ್ಕೆ ಹಿಗ್ಗಿಸಿದಾಗಲೇ ಮುಖಗಳು ಸರಿ ಕಾಣುತ್ತವೆ. ನಿಮ್ಮ ಬಾಕ್ಸ್ 4:3 ಮಾತ್ರ ಕೊಡುವುದಾದರೆ ಎರಡನೆಯ ಹೆಜ್ಜೆಯ ಅಳತೆಯನ್ನು 768×576 ಮಾಡಿಕೊಳ್ಳಿ. ಪರೀಕ್ಷೆ ಸುಲಭ: ಸುದ್ದಿ ಚಾನೆಲ್‌ನ ದುಂಡು ಲಾಂಛನವೋ ಗಡಿಯಾರವೋ ಮೊಟ್ಟೆಯಾಕಾರ ಆಗಿರಬಾರದು.

7. ಮತ್ತೆ ಬಲ ಕ್ಲಿಕ್, ಡೀಇಂಟರ್‌ಲೇಸಿಂಗ್ → 'ಯಾಡಿಫ್ 2ಎಕ್ಸ್', ಅದರ ಕೆಳಗೆ 'ಟಾಪ್ ಫೀಲ್ಡ್ ಫಸ್ಟ್'. ಎರಡು ಅರ್ಧಚಿತ್ರಗಳನ್ನು ಬಿಡಿಸಿ 50 ಪೂರ್ಣ ಚಿತ್ರ ಮಾಡುವ ಹೆಜ್ಜೆ ಇದು. ಬಿಟ್ಟರೆ ಕಬಡ್ಡಿ ಆಟಗಾರನ ಕೈಕಾಲುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಗೆರೆ ಕಾಣುತ್ತವೆ, ಒಮ್ಮೆ ಕಡತಕ್ಕೆ ಇಳಿದ ಮೇಲೆ ಅದನ್ನು ಸರಿಯಾಗಿ ತೆಗೆಯಲಾಗದು. ಚಲನೆ ಮುಂದೆ ಹೋಗಿ ಹಿಂದೆ ಬಂದಂತೆ ನಡುಗಿದರೆ 'ಬಾಟಮ್' ಆರಿಸಿ ನೋಡಿ.

8. ಸೆಟ್ಟಿಂಗ್ಸ್ → ಔಟ್‌ಪುಟ್, ಮೋಡ್ 'ಅಡ್ವಾನ್ಸ್ಡ್', ರೆಕಾರ್ಡಿಂಗ್ ಪುಟ. ಫಾರ್ಮ್ಯಾಟ್ ಎಂಕೆವಿ. ಚಿತ್ರವನ್ನು ಕುಗ್ಗಿಸುವ ಎನ್‌ಕೋಡರ್ ಎಕ್ಸ್264, ಅಥವಾ ಇಂಟೆಲ್‌ನ ಕ್ವಿಕ್‌ಸಿಂಕ್ ಸಿಕ್ಕರೆ ಅದು. ರೇಟ್ ಕಂಟ್ರೋಲ್ ವಿಬಿಆರ್, ಬಿಟ್‌ರೇಟ್ 4000. ಕೀಫ್ರೇಮ್ (ಬೇರೆ ಚಿತ್ರಗಳ ನೆರವಿಲ್ಲದೆ ತಾನೇ ಪೂರ್ಣವಾಗಿರುವ ಚಿತ್ರ) ಇಂಟರ್ವಲ್ 2 ಸೆಕೆಂಡ್, ಇದರ ಉಪಯೋಗ ಜಾಹೀರಾತು ಕತ್ತರಿಸುವಾಗ. ಎಕ್ಸ್264ಕ್ಕೆ ಪ್ರಿಸೆಟ್ 'ವೆರಿಫಾಸ್ಟ್'.

ಎಂಪಿ4 ಬದಲು ಎಂಕೆವಿ ಯಾಕೆ? ಸಾಮಾನ್ಯ ಎಂಪಿ4 ಕಡತದ ಸೂಚಿ ರೆಕಾರ್ಡಿಂಗ್ ಮುಗಿದ ಮೇಲೆ ಬರೆಯಲ್ಪಡುತ್ತದೆ. ನಡುವೆ ಕರೆಂಟು ಹೋದರೆ ಎರಡು ಗಂಟೆಯ ಕಡತ ತೆರೆಯುವುದೇ ಇಲ್ಲ. ಎಂಕೆವಿಯಲ್ಲಿ ಕರೆಂಟು ಹೋದ ಕ್ಷಣದವರೆಗಿನದು ಉಳಿಯುತ್ತದೆ. ಬೇಕಾದರೆ ಆಮೇಲೆ ಫೈಲ್ ಮೆನುವಿನ 'ರೀಮಕ್ಸ್ ರೆಕಾರ್ಡಿಂಗ್ಸ್' ಮೂಲಕ ಕೆಲವೇ ಕ್ಷಣಗಳಲ್ಲಿ ಎಂಪಿ4 ಮಾಡಿಕೊಳ್ಳಬಹುದು, ಗುಣಮಟ್ಟ ಕೆಡುವುದಿಲ್ಲ.

9. ಕಂಪ್ಯೂಟರ್‌ನಲ್ಲೇ ಕೇಳುತ್ತ ನೋಡಲು, ಆಡಿಯೊ ಮಿಕ್ಸರ್‌ನ 'ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್'ನಲ್ಲಿ 'ಮಾನಿಟರ್ ಆ್ಯಂಡ್ ಔಟ್‌ಪುಟ್' ಆರಿಸಿ. ಮಾತಿನ ಹೊತ್ತಿನಲ್ಲಿ ಮಾಪಕ ಹಳದಿ ಭಾಗದಲ್ಲಿ, ಅಂದರೆ −20ರಿಂದ −9ರ ನಡುವೆ ಆಡುತ್ತಿರಲಿ. ಜಾಹೀರಾತುಗಳ ಸದ್ದು ಜೋರು, ಅದು ಕೆಂಪಿನ ತುದಿ ಮುಟ್ಟದಂತೆ ನೋಡಿಕೊಳ್ಳಿ.

ಈಗ ಹತ್ತು ನಿಮಿಷ ರೆಕಾರ್ಡ್ ಮಾಡಿ. ಆರಂಭದಲ್ಲೂ ಕೊನೆಯಲ್ಲೂ ಸುದ್ದಿ ಓದುವವರ ತುಟಿ ನೋಡಿ. ಎರಡೂ ಕಡೆ ಅಷ್ಟೇ ವ್ಯತ್ಯಾಸ ಇದ್ದರೆ 'ಸಿಂಕ್ ಆಫ್‌ಸೆಟ್'ನಲ್ಲಿ ಮಿಲಿಸೆಕೆಂಡ್ ಕೊಟ್ಟು ಸರಿಪಡಿಸಬಹುದು, ಸಾಮಾನ್ಯವಾಗಿ 100ರ ಆಸುಪಾಸಿನಿಂದ ಶುರು ಮಾಡಿ ನೋಡಿ. ಕೊನೆಗೆ ಹೋಗುತ್ತ ವ್ಯತ್ಯಾಸ ಬೆಳೆದಿದ್ದರೆ ಆಫ್‌ಸೆಟ್‌ನಿಂದ ಪ್ರಯೋಜನವಿಲ್ಲ, ಐದನೆಯ ಹೆಜ್ಜೆಗೆ ಹಿಂತಿರುಗಿ.

ಎಚ್‌ಡಿಎಂಐನಲ್ಲಿ ಚಿತ್ರ ಬಂದರೆ

ಅಗ್ಗದ ಯುಎಸ್‌ಬಿ 2.0 ಎಚ್‌ಡಿಎಂಐ ಸಾಧನಗಳಲ್ಲಿ ಹೆಚ್ಚಾಗಿ ಇರುವುದು ಎಂಎಸ್2109 ಎಂಬ ಚಿಪ್. ಅದು 1920×1080ನ್ನು ಸೆಕೆಂಡಿಗೆ 30, 1280×720ನ್ನು 60ರವರೆಗೆ ಕೊಡುತ್ತದೆ, ಅದೂ ಎಂಜೆಪೆಗ್ ಎಂಬ ಕುಗ್ಗಿಸಿದ ರೂಪದಲ್ಲಿ ಮಾತ್ರ. ವೀಡಿಯೊ ಫಾರ್ಮ್ಯಾಟ್‌ನಲ್ಲಿ ಕುಗ್ಗಿಸದ ವೈಯುವೈ2 ಆರಿಸಿದರೆ 1920×1080 ಸೆಕೆಂಡಿಗೆ ಐದು ಚಿತ್ರಕ್ಕೆ ಇಳಿದುಬಿಡುತ್ತದೆ. ಭಾರತದ ಪ್ರಸಾರ 50ರ ಲೆಕ್ಕದ್ದು. ಆದ್ದರಿಂದ ಬಾಕ್ಸ್‌ನ ಔಟ್‌ಪುಟ್ 720ಪಿ 50 ಇಟ್ಟು, ಓಬಿಎಸ್‌ನಲ್ಲೂ 1280×720, 50 ಇಡುವುದು ಈ ಸಾಧನಕ್ಕೆ ಚೆನ್ನಾಗಿ ಹೊಂದುತ್ತದೆ. ಡೀಇಂಟರ್‌ಲೇಸಿಂಗ್ ಬೇಡ. ಬಿಟ್‌ರೇಟ್ 6000 ಮಾಡಿ, ಗಂಟೆಗೆ 2.7 ಜಿಬಿ ಆಗುತ್ತದೆ. ಇದೇ ಚಿಪ್‌ನ ಹಲವು ಸಾಧನಗಳು 48 ಕಿಲೊಹರ್ಟ್ಸ್ ಸ್ಟೀರಿಯೊ ಧ್ವನಿಯನ್ನು 96 ಕಿಲೊಹರ್ಟ್ಸ್ ಮೊನೊ ಎಂದು ತಪ್ಪಾಗಿ ಹೇಳಿಕೊಳ್ಳುತ್ತವೆ. ಎಡ, ಬಲ ಬೆರೆತು ಬಂದರೆ ಗಾಬರಿ ಬೇಡ, ಸುದ್ದಿ, ಮಾತಿನ ಕಾರ್ಯಕ್ರಮಗಳಿಗೆ ಅದರಿಂದ ದೊಡ್ಡ ತೊಂದರೆ ಇಲ್ಲ.

ನೀವಿಲ್ಲದಾಗ ರೆಕಾರ್ಡ್ ಆಗಬೇಕೆಂದರೆ

ಒಂದು ಬಾಕ್ಸ್ ಒಂದು ಹೊತ್ತಿಗೆ ಒಂದೇ ಚಾನೆಲ್ ಕೊಡುತ್ತದೆ. ಅದರಲ್ಲಿ ಏನು ಕಾಣುತ್ತಿದೆಯೋ ಅದೇ ರೆಕಾರ್ಡ್ ಆಗುತ್ತದೆ. ಆದ್ದರಿಂದ ಮೊದಲು ಬಾಕ್ಸ್: ಬೇಕಾದ ಚಾನೆಲ್‌ನಲ್ಲಿ ಬಿಟ್ಟು ಹೋಗಿ, ಅಥವಾ ಬಾಕ್ಸ್‌ನ ರಿಮೈಂಡರ್‌ನಲ್ಲಿ ಕಾರ್ಯಕ್ರಮ ಗುರುತು ಹಾಕಿ. ಹಲವು ಬಾಕ್ಸ್‌ಗಳು ಹೊತ್ತಿಗೆ ಸರಿಯಾಗಿ ತಾವೇ ಆ ಚಾನೆಲ್‌ಗೆ ಹೋಗುತ್ತವೆ. ಕೆಲವು ಗಂಟೆ ರಿಮೋಟ್ ಮುಟ್ಟದಿದ್ದರೆ ತಾನಾಗಿ ಆರುವ ಆಟೊ ಸ್ಟ್ಯಾಂಡ್‌ಬೈ ಇದ್ದರೆ ತೆಗೆದುಹಾಕಿ. ಕರೆಂಟು ಹೋಗಿ ಬಂದ ಮೇಲೆ ಬಾಕ್ಸ್ ಯಾವ ಚಾನೆಲ್‌ನಲ್ಲಿ ಏಳುತ್ತದೆ ಎಂದು ಒಮ್ಮೆ ಸ್ವಿಚ್ ಆರಿಸಿ, ಹಾಕಿ ನೋಡಿ. ಕೇಬಲ್‌ನವರ ಜಾಹೀರಾತು ಚಾನೆಲ್‌ನಲ್ಲಿ ಏಳುವುದಾದರೆ ಬಾಕ್ಸನ್ನೂ ಯುಪಿಎಸ್ ಮೇಲೆ ಇಡಿ. ಕಂಪ್ಯೂಟರ್ ಯುಪಿಎಸ್‌ನಲ್ಲಿದ್ದು ಬಾಕ್ಸ್ ಇಲ್ಲದಿದ್ದರೆ, ಉಳಿದ ಹೊತ್ತೆಲ್ಲ ಆ ಜಾಹೀರಾತೇ ರೆಕಾರ್ಡ್ ಆಗುತ್ತದೆ.

ಒಂದು ಸಲದ ಕಾರ್ಯಕ್ರಮಕ್ಕೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಸಾಕು. 'ಕ್ರಿಯೇಟ್ ಟಾಸ್ಕ್' ತೆರೆದು, ಟ್ರಿಗರ್‌ನಲ್ಲಿ ಕಾರ್ಯಕ್ರಮಕ್ಕೆ ಐದು ನಿಮಿಷ ಮುಂಚಿನ ಸಮಯ ಕೊಡಿ. ಆ್ಯಕ್ಷನ್‌ನಲ್ಲಿ ಓಬಿಎಸ್ ಪ್ರೋಗ್ರಾಂ ಆರಿಸಿ. 'ಆರ್ಗ್ಯುಮೆಂಟ್ಸ್' ಜಾಗದಲ್ಲಿ ಎರಡು ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿದಂತೆ ಸ್ಟಾರ್ಟ್‌ರೆಕಾರ್ಡಿಂಗ್ ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ. 'ಸ್ಟಾರ್ಟ್ ಇನ್' ಜಾಗವನ್ನು ಖಾಲಿ ಬಿಡಬೇಡಿ, ಓಬಿಎಸ್ ಪ್ರೋಗ್ರಾಂ ಇರುವ 64ಬಿಟ್ ಫೋಲ್ಡರ್‌ನ ಪೂರ್ತಿ ವಿಳಾಸ ಅಲ್ಲಿರಬೇಕು. ಇಲ್ಲದಿದ್ದರೆ ಭಾಷೆಯ ಕಡತ ಸಿಗಲಿಲ್ಲ ಎಂಬ ದೋಷ ತೋರಿಸಿ ಓಬಿಎಸ್ ನಿಂತುಬಿಡುತ್ತದೆ. ಜನರಲ್ ಪುಟದಲ್ಲಿ ಬಳಕೆದಾರ ಲಾಗಿನ್ ಆಗಿದ್ದಾಗ ಮಾತ್ರ ಓಡಲಿ ಎಂಬ ಆಯ್ಕೆ ಇರಲಿ. ಕಂಡಿಷನ್ಸ್ ಪುಟದಲ್ಲಿ ಕಂಪ್ಯೂಟರ್ ಎಬ್ಬಿಸುವ ಆಯ್ಕೆಗೆ ಗುರುತು ಹಾಕಿ, ಪವರ್ ಸೆಟ್ಟಿಂಗ್ಸ್‌ನಲ್ಲಿ 'ವೇಕ್ ಟೈಮರ್ಸ್' ತೆರೆಯಿರಿ. ಸ್ಲೀಪ್‌ನಲ್ಲಿರುವ ಕಂಪ್ಯೂಟರ್ ಏಳುತ್ತದೆ, ಶಟ್‌ಡೌನ್ ಮಾಡಿದ್ದು ಏಳುವುದಿಲ್ಲ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಇದ್ದಾಗ ಮಾತ್ರ ಎಂಬ ಗುರುತು ತೆಗೆಯಿರಿ.

ನಿಲ್ಲಿಸುವುದಕ್ಕೆ ಓಬಿಎಸ್‌ನ ಟೂಲ್ಸ್ ಮೆನುವಿನಲ್ಲಿ 'ಔಟ್‌ಪುಟ್ ಟೈಮರ್' ಇದೆ. ಒಂದು ಗಂಟೆಯ ಕಾರ್ಯಕ್ರಮಕ್ಕೆ 1 ಗಂಟೆ 15 ನಿಮಿಷ ಕೊಟ್ಟು, ಪ್ರತಿ ಸಲವೂ ರೆಕಾರ್ಡಿಂಗ್ ಟೈಮರ್ ಶುರುವಾಗಲಿ ಎಂಬ ಗುರುತು ಹಾಕಿ. ನೇರಪ್ರಸಾರಕ್ಕೆ ಕೊನೆಯಲ್ಲಿ ಒಂದು ಗಂಟೆಯಾದರೂ ಹೆಚ್ಚು ಕೊಡಿ, ಮೆರವಣಿಗೆಗಳು ಹೇಳಿದ ಹೊತ್ತಿಗೆ ಹೊರಡುವುದು ಅಪರೂಪ.

ದಿನವೂ ರೆಕಾರ್ಡ್ ಮಾಡುವುದಕ್ಕೆ ಈ ಕ್ರಮ ಅಷ್ಟು ಸರಿ ಹೋಗುವುದಿಲ್ಲ. ನಿನ್ನೆಯ ಓಬಿಎಸ್ ತೆರೆದೇ ಇದ್ದರೆ ಇವತ್ತು 'ಈಗಾಗಲೇ ಓಡುತ್ತಿದೆ' ಎಂದು ಕೇಳಿ ಕಾಯುತ್ತ ನಿಲ್ಲುತ್ತದೆ. ಬಲವಂತವಾಗಿ ಮುಚ್ಚಿದ್ದರೆ ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ. ಉತ್ತರ ಕೊಡುವವರು ಯಾರೂ ಇರುವುದಿಲ್ಲ. ಇದಕ್ಕೆ 'ಅಡ್ವಾನ್ಸ್ಡ್ ಸೀನ್ ಸ್ವಿಚರ್' ಎಂಬ ಪ್ಲಗಿನ್ ಹಾಕಿ, ಓಬಿಎಸ್ ತೆರೆದೇ ಇಟ್ಟು, ಇಂಥ ವಾರ ಇಂಥ ಹೊತ್ತಿಗೆ ಶುರು, ಇಂಥ ಹೊತ್ತಿಗೆ ನಿಲ್ಲು ಎಂದು ಎರಡು ಮ್ಯಾಕ್ರೊ ಬರೆದುಕೊಳ್ಳುವುದು ವಾಸಿ. ವಿಂಡೋಸ್ ಅಪ್‌ಡೇಟ್ ರಾತ್ರಿ ಕಂಪ್ಯೂಟರನ್ನು ಮರುಚಾಲನೆ ಮಾಡದಂತೆ 'ಆ್ಯಕ್ಟಿವ್ ಅವರ್ಸ್' ನಿಮ್ಮ ಕಾರ್ಯಕ್ರಮದ ಸಮಯವನ್ನು ಒಳಗೊಳ್ಳಲಿ. ಅದನ್ನು ಗರಿಷ್ಠ 18 ಗಂಟೆವರೆಗೆ ಇಡಬಹುದು.

ಕೆಡುವ ಕಡೆಗಳು

ಚಿತ್ರದಲ್ಲಿ ಅಡ್ಡ ಪಟ್ಟೆಗಳು ನಿಧಾನವಾಗಿ ಮೇಲೇರುತ್ತಿದ್ದರೆ, ಧ್ವನಿಯಲ್ಲಿ ಗುಂಯ್ ಎನ್ನುವ ಸದ್ದಿದ್ದರೆ ಅದು ನೆಲದ ಸಂಪರ್ಕದ ಸಮಸ್ಯೆ. ಲ್ಯಾಪ್‌ಟಾಪ್‌ನ ಚಾರ್ಜರ್ ತೆಗೆದು ನೋಡಿ. ಸದ್ದು ಹೋದರೆ ಖಚಿತ. ಬಾಕ್ಸ್, ಕಂಪ್ಯೂಟರ್ ಎರಡನ್ನೂ ಒಂದೇ ಮೂರು ಪಿನ್ನಿನ ಸ್ಪೈಕ್ ಬಸ್ಟರ್‌ಗೆ ಹಾಕಿದರೆ ಹೆಚ್ಚಾಗಿ ನಿಲ್ಲುತ್ತದೆ. ಮನೆಯ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಚಿತ್ರ ಚೌಕಚೌಕವಾಗಿ ಒಡೆಯುತ್ತಿದ್ದರೆ ಮೊದಲು ಟಿವಿಯಲ್ಲೂ ಹಾಗೇ ಇದೆಯೇ ನೋಡಿ. ಇದ್ದರೆ ತಪ್ಪು ಕೇಬಲ್‌ನ ಜಾಯಿಂಟ್‌ನಲ್ಲಿ, ಮಳೆಗಾಲದಲ್ಲಿ ಹೊರಗಿನ ಕನೆಕ್ಟರ್‌ಗೆ ನೀರಿಳಿದಾಗ ಹೀಗಾಗುತ್ತದೆ. ಟಿವಿಯಲ್ಲಿ ಸರಿಯಿದ್ದು ಕಂಪ್ಯೂಟರ್‌ನಲ್ಲಿ ಚಿತ್ರ ನಿಂತು ನಿಂತು ಓಡುತ್ತಿದ್ದರೆ ಯುಎಸ್‌ಬಿ ಕಿಂಡಿ ಬದಲಿಸಿ. ಓಬಿಎಸ್‌ನ ವ್ಯೂ ಮೆನುವಿನ 'ಸ್ಟ್ಯಾಟ್ಸ್' ತೆರೆದರೆ ಎನ್‌ಕೋಡಿಂಗ್‌ನಲ್ಲಿ ಎಷ್ಟು ಚೌಕಟ್ಟು ಬಿಟ್ಟುಹೋಗಿವೆ ಎಂಬ ಲೆಕ್ಕ ಇರುತ್ತದೆ. ಅದು ಏರುತ್ತಿದ್ದರೆ ಪ್ರೊಸೆಸರ್‌ಗೆ ಹೊರೆ ಹೆಚ್ಚಾಗಿದೆ, ಪ್ರಿಸೆಟನ್ನು 'ಅಲ್ಟ್ರಾಫಾಸ್ಟ್' ಮಾಡಿ.

ಗುಡುಗು ಸಿಡಿಲಿನ ಸಂಜೆ ಗೋಡೆಯ ಕೇಬಲ್ ತಂತಿಯನ್ನು ಬಾಕ್ಸ್‌ನಿಂದ ಕಳಚಿಡಿ. ಮೊದಲು ಸಿಡಿಲಿಗೆ ಬಾಕ್ಸ್ ಮಾತ್ರ ಹೋಗುತ್ತಿತ್ತು. ಈಗ ಅದರ ಹಿಂದೆ ಕಂಪ್ಯೂಟರ್ ಕೂಡ ಇದೆ.

ಜಾಹೀರಾತು ತೆಗೆದು, ಜೋಡಿಸಿಡುವುದು

ಲಾಸ್‌ಲೆಸ್‌ಕಟ್ ಅಥವಾ ಎವಿಡೆಮಕ್ಸ್ ಬಳಸಿ. ಇವೆರಡೂ ಮತ್ತೆ ಎನ್‌ಕೋಡ್ ಮಾಡದೆ ಕತ್ತರಿಸುತ್ತವೆ, ಹಾಗಾಗಿ ಒಂದು ಗಂಟೆಯ ಕಡತಕ್ಕೆ ಒಂದೆರಡು ನಿಮಿಷ ಸಾಕು. ಎವಿಡೆಮಕ್ಸ್‌ನಲ್ಲಿ ವೀಡಿಯೊ, ಆಡಿಯೊ ಎರಡೂ 'ಕಾಪಿ'ಯಲ್ಲಿರಲಿ. ಮೇಲೆ, ಕೆಳಗಿನ ಬಾಣದ ಕೀಲಿಗಳಿಂದ ಕೀಫ್ರೇಮ್‌ನಿಂದ ಕೀಫ್ರೇಮ್‌ಗೆ ಜಿಗಿದು, ಜಾಹೀರಾತಿನ ಆರಂಭಕ್ಕೆ ಎ, ಮುಗಿದಲ್ಲಿ ಬಿ ಗುರುತು ಹಾಕಿ, ಡಿಲೀಟ್ ಒತ್ತಿ. ನಾವು 2 ಸೆಕೆಂಡಿಗೊಂದು ಕೀಫ್ರೇಮ್ ಇಟ್ಟಿರುವುದರಿಂದ ಕತ್ತರಿ ಹೆಚ್ಚೆಂದರೆ ಎರಡು ಸೆಕೆಂಡ್ ಆಚೀಚೆ ಬೀಳುತ್ತದೆ. ಕೀಫ್ರೇಮ್ ಅಲ್ಲದ ಕಡೆ ಕತ್ತರಿಸಿದರೆ ಆ ಜಾಗದಲ್ಲಿ ಚಿತ್ರ ಬೂದು ಬೂದಾಗಿ ಕಲಸಿಹೋಗುತ್ತದೆ.

ಕಡತಕ್ಕೆ ಹೆಸರಿಡುವಾಗ ವರ್ಷ, ತಿಂಗಳು, ದಿನ, ಚಾನೆಲ್, ಕಾರ್ಯಕ್ರಮ ಎಂಬ ಕ್ರಮ ಹಿಡಿಯಿರಿ. ಉದಾಹರಣೆಗೆ 2024-10-12 ಚಂದನ ಜಂಬೂ ಸವಾರಿ. ಹೀಗಿಟ್ಟರೆ ಫೋಲ್ಡರ್ ತಾನೇ ದಿನಾಂಕದ ಸಾಲಿನಲ್ಲಿ ನಿಲ್ಲುತ್ತದೆ. ಮರಳಿ ಸಿಗದ ಕಾರ್ಯಕ್ರಮಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲೇಬೇಕು.

ಮನೆಯ ಟಿವಿ, ಮೊಬೈಲ್‌ಗಳಲ್ಲಿ ನೋಡಲು ಅದೇ ಕಂಪ್ಯೂಟರ್‌ನಲ್ಲಿ ಜೆಲ್ಲಿಫಿನ್ ಎಂಬ ಉಚಿತ ಸರ್ವರ್ ಹಾಕಿ, ರೆಕಾರ್ಡಿಂಗ್ ಫೋಲ್ಡರ್ ತೋರಿಸಿ. ಮನೆಯ ವೈಫೈನಲ್ಲಿ ಕಂಪ್ಯೂಟರ್‌ನ ವಿಳಾಸದ ಮುಂದೆ 8096 ಎಂಬ ಪೋರ್ಟ್ ಸಂಖ್ಯೆ ಹಾಕಿದರೆ ಬ್ರೌಸರ್‌ನಲ್ಲಿ ತೆರೆಯುತ್ತದೆ, ಆಂಡ್ರಾಯ್ಡ್ ಟಿವಿಗೆ ಅದರದೇ ಆ್ಯಪ್ ಇದೆ. ಈ ಪೋರ್ಟನ್ನು ರೂಟರ್‌ನಲ್ಲಿ ಹೊರಗಿನ ಇಂಟರ್ನೆಟ್‌ಗೆ ತೆರೆಯಬೇಡಿ.

ಚಂದನವಷ್ಟೇ ಬೇಕಾದವರಿಗೆ ಇನ್ನೊಂದು ದಾರಿ

ಬೇಕಾದದ್ದು ದೂರದರ್ಶನದ ಚಾನೆಲ್‌ಗಳು ಮಾತ್ರ ಎಂದಾದರೆ ಕೇಬಲ್ ಬಿಟ್ಟು ಡಿಡಿ ಫ್ರೀ ಡಿಶ್ ನೋಡಿ. 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುವ ಈ ಸೇವೆಯಲ್ಲಿ ದೂರದರ್ಶನದ ಎಂಪೆಗ್-2 ಚಾನೆಲ್‌ಗಳಿಗೆ ಬೀಗ ಇಲ್ಲ. ಡಿಶ್‌ನ ತಂತಿಯನ್ನು ಉಪಗ್ರಹದ ಸಂಕೇತ ಹಿಡಿಯುವ ಡಿವಿಬಿ-ಎಸ್2 ಟ್ಯೂನರ್ ಮೂಲಕ ಲಿನಕ್ಸ್ ಕಂಪ್ಯೂಟರ್‌ಗೆ ಕೊಟ್ಟು, ಟಿವಿಹೆಡ್‌ಎಂಡ್ ಎಂಬ ಸಾಫ್ಟ್‌ವೇರ್ ಹಾಕಿದರೆ ಪ್ರಸಾರವಾದ ಅಂಕಿಗಳೇ ಹಾಗೇ ಡಿಸ್ಕ್‌ಗೆ ಇಳಿಯುತ್ತವೆ. ಎವಿ ತಂತಿ, ಡೀಇಂಟರ್‌ಲೇಸಿಂಗ್, ಎನ್‌ಕೋಡಿಂಗ್ ಯಾವುದೂ ನಡುವೆ ಬರುವುದಿಲ್ಲ. ಟೈಮರ್ ಕೂಡ ಅದರೊಳಗೇ ಇದೆ, ಬ್ರೌಸರ್‌ನಲ್ಲಿ 9981 ಪೋರ್ಟ್‌ನಿಂದ ನಡೆಸಬಹುದು. ಒಂದೇ ಟ್ಯೂನರ್‌ನಿಂದ ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿರುವ (ಉಪಗ್ರಹದ ಒಂದೇ ತರಂಗಾಂತರದಲ್ಲಿ ಒಟ್ಟಿಗೆ ಬರುವ) ಹಲವು ಚಾನೆಲ್‌ಗಳನ್ನು ಒಟ್ಟಿಗೆ ರೆಕಾರ್ಡ್ ಮಾಡಲೂಬಹುದು. ಟ್ಯೂನರ್ ಕೊಳ್ಳುವ ಮೊದಲು ಅದರ ಚಿಪ್‌ಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ನೋಡಿಕೊಳ್ಳಿ, ವಿಂಡೋಸ್‌ಗೆಂದೇ ಮಾರುವ ಕೆಲವಕ್ಕೆ ಇರುವುದಿಲ್ಲ.